ಒಂದೇ ಡಿಸ್ಕ್, ಎರಡು ಓಎಸ್: ಜಾಗವಿದ್ದರೂ ಹಿಡಿಸದಿರುವುದೇಕೆ?

ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಟ್ಟ ಹಳೆಯ ಕಡತಗಳಿವೆ, ಅಂಗಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಹಾಗಾಗಿ ವಿಂಡೋಸ್ ಬಿಡುವಂತಿಲ್ಲ. ಮಗಳ ಕಾಲೇಜಿನ ಪ್ರೋಗ್ರಾಮಿಂಗ್ ಪಾಠಕ್ಕೆ ಲಿನಕ್ಸ್ ಬೇಕು. ಮನೆಯಲ್ಲಿರುವ ಕಂಪ್ಯೂಟರ್ ಒಂದೇ. ಎರಡನ್ನೂ ಅದರಲ್ಲೇ ಹಾಕಿಕೊಂಡು, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳುವ ಈ ಏರ್ಪಾಡಿಗೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಹಾಕಲು ಕೂತರೆ ಮಾತ್ರ ಒಂದೊಂದೇ ಅಡ್ಡಿ ಶುರು. 200 ಜಿಬಿ ಖಾಲಿ ಬಿದ್ದಿದ್ದರೂ ಇನ್‌ಸ್ಟಾಲರ್ ಅದನ್ನು 'ಅನ್‌ಯೂಸಬಲ್' ಎನ್ನುತ್ತದೆ. 3 ಟಿಬಿ ಡಿಸ್ಕ್ ಕೊಂಡರೆ ಕೊನೆಯ 800 ಜಿಬಿ ಕೈಗೇ ಸಿಗುವುದಿಲ್ಲ. ಇನ್ನು ಕೆಲವೊಮ್ಮೆ ಎಲ್ಲವೂ ಸಲೀಸಾಗಿ ಮುಗಿಯುತ್ತದೆ, ರೀಸ್ಟಾರ್ಟ್ ಮಾಡಿದರೆ ಹೊಸ ಓಎಸ್‌ನ ಸುಳಿವೇ ಇರುವುದಿಲ್ಲ.

ಇವು ಬೇರೆಬೇರೆ ರೋಗಗಳಂತೆ ಕಂಡರೂ ಮೂಲ ಒಂದೇ. ಓಎಸ್ ಇನ್ನೂ ಎದ್ದಿರದ ಆರಂಭದ ಕ್ಷಣಗಳಲ್ಲಿ ಡಿಸ್ಕನ್ನು ಬೇರೆ ಯಾರೋ ಓದಬೇಕು. ಹಾಗೆ ಓದುವವರಿಗೆ ಎಷ್ಟು ದೊಡ್ಡ ಸಂಖ್ಯೆಯವರೆಗೆ ಎಣಿಸಲು ಬರುತ್ತದೆಯೋ ಅಷ್ಟೇ ನಿಮ್ಮ ಗಡಿ. ಡಿಸ್ಕ್ ಎಷ್ಟು ದೊಡ್ಡದು ಎನ್ನುವುದು ಆಮೇಲಿನ ಮಾತು.

ಮೊದಲ 512 ಬೈಟ್

ಸ್ವಿಚ್ ಒತ್ತಿದ ಕೂಡಲೇ ಓಡುವುದು ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಕೂತಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್. ಅದಕ್ಕೆ ಫೈಲ್, ಫೋಲ್ಡರ್, ಡ್ರೈವ್ ಯಾವುದೂ ಗೊತ್ತಿಲ್ಲ. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟ್‌ಗಳನ್ನು, ಮೆಮೊರಿಗೆ ತಂದು ಓಡಿಸುವುದಷ್ಟೇ ಅದರ ಕೆಲಸ. ಈ ಸೆಕ್ಟರೇ ಎಂಬಿಆರ್, ಅಂದರೆ ಮಾಸ್ಟರ್ ಬೂಟ್ ರೆಕಾರ್ಡ್. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಯಂತ್ರವನ್ನು 10 ಎಂಬಿ ಹಾರ್ಡ್ ಡಿಸ್ಕ್ ಸಮೇತ ತಂದಾಗ, ಅದರ ಜೊತೆ ಬಂದ ಡಾಸ್ 2.0ರಲ್ಲಿ ಈ ಪದ್ಧತಿ ಶುರುವಾಯಿತು.

ಆ 512 ಬೈಟ್‌ಗಳ ಹಂಚಿಕೆ ನೋಡಿದರೆ ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಮೊದಲ 446 ಬೈಟ್ ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಮಿಗೆ. ಕೊನೆಯ 2 ಬೈಟ್ 'ಇದು ಬೂಟ್ ಸೆಕ್ಟರ್ ಹೌದು' ಎಂದು ಹೇಳುವ ಗುರುತಿಗೆ. ನಡುವೆ ಉಳಿದ 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಅಂದರೆ ಡಿಸ್ಕನ್ನು ಯಾವ ಯಾವ ಭಾಗಗಳಾಗಿ ಹಂಚಿದೆ ಎಂಬ ದಾಖಲೆಗೆ. ಒಂದು ಪಾರ್ಟಿಷನ್‌ನ ವಿವರ ಬರೆಯಲು 16 ಬೈಟ್ ಬೇಕು. 64ನ್ನು 16ರಿಂದ ಭಾಗಿಸಿದರೆ ನಾಲ್ಕು. ಈ ಪಟ್ಟಿಯಲ್ಲೇ ನೇರವಾಗಿ ದಾಖಲಾಗುವ ಪ್ರೈಮರಿ ಪಾರ್ಟಿಷನ್ ನಾಲ್ಕೇ ಯಾಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಆ 16 ಬೈಟ್‌ಗಳೊಳಗೆ ಪಾರ್ಟಿಷನ್ ಎಷ್ಟನೇ ಸೆಕ್ಟರಿನಲ್ಲಿ ಶುರು, ಎಷ್ಟು ಸೆಕ್ಟರ್ ಉದ್ದ ಎಂದು ಬರೆಯಲು ತಲಾ 4 ಬೈಟ್, ಅಂದರೆ 32 ಬಿಟ್. ಅಷ್ಟರಲ್ಲಿ ಎಣಿಸಬಹುದಾದದ್ದು ಸುಮಾರು 429 ಕೋಟಿ ಸೆಕ್ಟರ್. ಒಂದೊಂದು 512 ಬೈಟಿನದೆಂದು ಗುಣಿಸಿದರೆ 2.2 ಟಿಬಿ ಆಗುತ್ತದೆ. 3 ಟಿಬಿ ಡಿಸ್ಕಿಗೆ ಎಂಬಿಆರ್ ಪಟ್ಟಿ ಹಾಕಿದರೆ 800 ಜಿಬಿ ಲೆಕ್ಕದಿಂದ ಹೊರಗುಳಿಯುವುದು ಹೀಗೆ. 10 ಎಂಬಿಯ ಕಾಲದಲ್ಲಿ ಹಾಕಿದ ಲೆಕ್ಕ ಅದರ ಎರಡು ಲಕ್ಷ ಪಟ್ಟಿನಷ್ಟು ದೂರ ಬಾಳಿತೆನ್ನುವುದೂ ಸಣ್ಣ ಮಾತಲ್ಲ.

ಪಟ್ಟಿಗೂ ಒಳಗಿನ ಮಾಹಿತಿಗೂ ಇರುವ ಸಂಬಂಧ ಪಹಣಿಗೂ ಹೊಲಕ್ಕೂ ಇರುವಂಥದ್ದು. ಪಹಣಿಯಲ್ಲಿ ಹೆಸರು ಹೋದ ಮಾತ್ರಕ್ಕೆ ಹೊಲದ ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಆದರೆ ದಾಖಲೆ ಸರಿಯಾಗುವವರೆಗೆ ಆ ಹೊಲ ನಿಮ್ಮದೆಂದು ಸಾಧಿಸಲಾಗದು. ತಪ್ಪಿ ಪಾರ್ಟಿಷನ್ ಅಳಿಸಿದಾಗ ಡಿಸ್ಕಿಗೆ ಬೇರೇನೂ ಬರೆಯದೆ ತಕ್ಷಣ ನಿಲ್ಲಿಸಿದರೆ, ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶ ಪಟ್ಟಿಯನ್ನು ಮತ್ತೆ ಕಟ್ಟಿಕೊಡಬಲ್ಲದು.

ಐದನೆಯದು ಬೇಕೆಂದರೆ

ನಾಲ್ಕು ಸಾಲದೆಂದು ಬೇಗನೆ ಗೊತ್ತಾಯಿತು. ಅದಕ್ಕೆ ಕಂಡುಕೊಂಡ ಉಪಾಯ ಎಕ್ಸ್‌ಟೆಂಡೆಡ್ ಪಾರ್ಟಿಷನ್. ನಾಲ್ಕು ಸಾಲುಗಳಲ್ಲಿ ಒಂದನ್ನು ಅದಕ್ಕೆ ಬಿಟ್ಟುಕೊಟ್ಟು, ಅದರೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಮಾಡುತ್ತಾ ಹೋಗುವುದು. ಪ್ರತಿ ಲಾಜಿಕಲ್ ಪಾರ್ಟಿಷನ್‌ಗೂ ತನ್ನದೇ ಸಣ್ಣ ಪಟ್ಟಿಯಿದ್ದು, ಮುಂದಿನದು ಎಲ್ಲಿದೆ ಎಂದು ಅದು ತೋರಿಸುತ್ತದೆ. ನಡುವೆ ಒಂದು ಕೊಂಡಿ ಕೆಟ್ಟರೆ ಅದರಾಚೆಯವು ಕಾಣುವುದಿಲ್ಲ. ಲಿನಕ್ಸ್‌ನಲ್ಲಿ 1ರಿಂದ 4 ಪ್ರೈಮರಿಗೆ ಮೀಸಲು, ಲಾಜಿಕಲ್‌ಗಳ ಎಣಿಕೆ 5ರಿಂದ. ಎರಡೇ ಪಾರ್ಟಿಷನ್ ಇರುವ ಡಿಸ್ಕಿನಲ್ಲೂ '5' ಕಂಡರೆ ಗಾಬರಿ ಬೇಡ.

ಇದಕ್ಕೆ ಎರಡು ಕಟ್ಟಳೆಗಳಿವೆ. ಒಂದು ಡಿಸ್ಕಿಗೆ ಎಕ್ಸ್‌ಟೆಂಡೆಡ್ ಒಂದೇ ಮತ್ತು ಅದು ಒಂದೇ ಹರವಿನಲ್ಲಿರಬೇಕು. ನಡುವೆ ಪ್ರೈಮರಿ ಪಾರ್ಟಿಷನ್ ಕೂತಿದ್ದರೆ ಅದರ ಆಚೆ ಖಾಲಿಯಿರುವ ಜಾಗವನ್ನು ಈಚೆಗೆ ಸೇರಿಸಿಕೊಳ್ಳಲಾಗದು. ಎರಡನೆಯದಾಗಿ, ಬಯೋಸ್ ಯಂತ್ರದಲ್ಲಿ ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು 'ಆಕ್ಟಿವ್' ಎಂದು ಗುರುತಾದ ಪ್ರೈಮರಿಯಲ್ಲೇ ಇಡಬಯಸುತ್ತದೆ. ಲಿನಕ್ಸ್‌ಗೆ ಈ ಹಟವಿಲ್ಲ, ಲಾಜಿಕಲ್‌ನಿಂದಲೂ ಏಳುತ್ತದೆ. ಆದ್ದರಿಂದ ಎಂಬಿಆರ್ ಡಿಸ್ಕಿನಲ್ಲಿ ವಿಂಡೋಸ್‌ಗೆ ಪ್ರೈಮರಿ, ಲಿನಕ್ಸ್‌ಗೆ ಲಾಜಿಕಲ್ ಎಂದು ಹಂಚುವುದು ರೂಢಿ.

ಖಾಲಿ ಜಾಗ 'ಅನ್‌ಯೂಸಬಲ್' ಆಗುವುದು ಎಲ್ಲಿ? ವಿಂಡೋಸ್ 7ರ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಕಾರ್ಖಾನೆಯಿಂದಲೇ ನಾಲ್ಕು ಪ್ರೈಮರಿಗಳೊಂದಿಗೆ ಬರುತ್ತಿದ್ದವು: 100 ಎಂಬಿಯ ಸಿಸ್ಟಮ್ ರಿಸರ್ವ್ಡ್, ಸಿ ಡ್ರೈವ್, ರಿಕವರಿ, ಕಂಪನಿಯ ಟೂಲ್ಸ್. ಸಿ ಡ್ರೈವನ್ನು ಕುಗ್ಗಿಸಿದರೆ ಜಾಗವೇನೋ ಸಿಗುತ್ತದೆ, ಅದನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಐದನೆಯ ಸಾಲಿಲ್ಲ. ಈ ಹಂತದಲ್ಲಿ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಹೊಸ ಪಾರ್ಟಿಷನ್ ಮಾಡಹೊರಟರೆ 'ಡೈನಮಿಕ್ ಡಿಸ್ಕ್ ಮಾಡಲೇ?' ಎಂದು ಕೇಳುತ್ತದೆ. ಹೂಂ ಎನ್ನಬೇಡಿ. ಹಾಗೆ ಮಾಡಿದ ಡಿಸ್ಕಿಗೆ ಲಿನಕ್ಸ್ ಹಾಕುವುದು ದೊಡ್ಡ ತಲೆನೋವು, ಹಿಂದಕ್ಕೆ ತರುವುದೂ ಸುಲಭವಲ್ಲ. ರಿಕವರಿಯನ್ನು ಡಿವಿಡಿಗೋ ಪೆನ್‌ಡ್ರೈವಿಗೋ ಇಳಿಸಿಕೊಂಡು, ಕಂಪನಿಯ ಟೂಲ್ಸ್‌ನಂಥ ಚಿಕ್ಕ ಪಾರ್ಟಿಷನ್ ಒಂದನ್ನು ಅಳಿಸಿ, ತೆರವಾದ ಸಾಲಿನಲ್ಲಿ ಎಕ್ಸ್‌ಟೆಂಡೆಡ್ ಮಾಡುವುದು ಸರಿಯಾದ ದಾರಿ.

1024ನೇ ಸಿಲಿಂಡರಿನ ಗೆರೆ

ಪಟ್ಟಿಯ ಮಿತಿ ಒಂದು ಬಗೆಯಾದರೆ ಬೂಟಿನ ಮಿತಿ ಇನ್ನೊಂದು ಬಗೆ. 1990ರ ದಶಕದಲ್ಲಿ ಲಿನಕ್ಸ್ ಹಾಕುತ್ತಿದ್ದವರಿಗೆ '1024 ಸಿಲಿಂಡರ್' ಎಂಬುದು ಬಾಯಿಪಾಠ.

ಆಗಿನ ಬಯೋಸ್ ಸೆಕ್ಟರುಗಳನ್ನು ಒಂದೇ ಸರಣಿಯಲ್ಲಿ ಎಣಿಸುತ್ತಿರಲಿಲ್ಲ. ಎಷ್ಟನೇ ಸಿಲಿಂಡರ್, ಯಾವ ಹೆಡ್, ಎಷ್ಟನೇ ಸೆಕ್ಟರ್ ಎಂದು ಮೂರು ಸಂಖ್ಯೆಗಳ ವಿಳಾಸ ಕೊಡಬೇಕಿತ್ತು. ಸಿಲಿಂಡರಿಗೆ 10 ಬಿಟ್, ಅಂದರೆ 1024. ಸೆಕ್ಟರಿಗೆ 6 ಬಿಟ್, ಎಣಿಕೆ ಒಂದರಿಂದ ಶುರುವಾಗುವುದರಿಂದ 63. ಹೆಡ್‌ಗೆ 8 ಬಿಟ್ ಇತ್ತು, ಆದರೆ ಐಡಿಇ ಡಿಸ್ಕಿನ ನಿಯಮದಲ್ಲಿ 16 ಹೆಡ್‌ಗಷ್ಟೇ ಅವಕಾಶ. ಇಬ್ಬರಿಗೂ ಒಪ್ಪಿಗೆಯಾಗುವ ಚಿಕ್ಕ ಸಂಖ್ಯೆಗಳನ್ನೇ ಹಿಡಿದು 1024, 16, 63, 512 ಎಂದು ಗುಣಿಸಿದರೆ 528 ಎಂಬಿ. ಒಂದಷ್ಟು ಕಾಲ ಪಿಸಿಗಳ ಗಡಿ ಅದೇ ಆಗಿತ್ತು. ಆಮೇಲೆ ಬಯೋಸ್‌ಗಳು ಡಿಸ್ಕಿಗೆ 255 ಹೆಡ್‌ಗಳಿವೆ ಎಂದು ಸುಳ್ಳು ಲೆಕ್ಕ ತೋರಿಸಿ ಗಡಿಯನ್ನು 8.4 ಜಿಬಿಗೆ ಏರಿಸಿದವು. 1024 ಮಾತ್ರ ಕದಲಲಿಲ್ಲ.

ಬಯೋಸ್‌ಗೆ 8.4 ಜಿಬಿಯಾಚೆ ಕಾಣದಿದ್ದರೂ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಾಣುತ್ತಿತ್ತು. ಕರ್ನಲ್ ಒಮ್ಮೆ ಮೆಮೊರಿಗೆ ಬಂದರೆ ತನ್ನದೇ ಡ್ರೈವರ್ ಮೂಲಕ ಡಿಸ್ಕನ್ನು ನೇರವಾಗಿ ಓದುತ್ತದೆ, ಬಯೋಸ್‌ನ ಹಂಗಿಲ್ಲ. ತೊಡಕಿದ್ದದ್ದು ಕರ್ನಲ್ ಫೈಲನ್ನು ಮೆಮೊರಿಗೆ ತರುವ ಆ ಒಂದು ಹೆಜ್ಜೆಯಲ್ಲಿ. ಅಂದಿನ ಜನಪ್ರಿಯ ಬೂಟ್ ಲೋಡರ್ ಲಿಲೊ ಈ ಕೆಲಸಕ್ಕೆ ಬಯೋಸನ್ನೇ ನೆಚ್ಚಿಕೊಂಡಿತ್ತು. ಕರ್ನಲ್ ಫೈಲ್ 1024ನೇ ಸಿಲಿಂಡರಿನ ಆಚೆ ಬಿದ್ದಿದ್ದರೆ ಅದನ್ನು ತರುವವರೇ ಇಲ್ಲ. ತಮಾಷೆಯೆಂದರೆ, ನಿನ್ನೆವರೆಗೆ ಚೆನ್ನಾಗಿದ್ದ ಯಂತ್ರ ಕರ್ನಲ್ ಅಪ್‌ಡೇಟ್ ಮಾಡಿದ ಮರುದಿನ ಏಳದೇ ಹೋಗುತ್ತಿತ್ತು. ಹಳೆಯ ಫೈಲ್ ಗೆರೆಯ ಈಚೆಗಿತ್ತು, ಹೊಸದು ಆಚೆ ಹೋಗಿ ಕೂತಿತು, ಅಷ್ಟೇ.

ಪರಿಹಾರ ಸರಳವಾಗಿತ್ತು. ಡಿಸ್ಕಿನ ತಲೆಯ ಭಾಗದಲ್ಲೇ '/ಬೂಟ್' ಎಂಬ ಪುಟ್ಟ ಪಾರ್ಟಿಷನ್ ಮಾಡಿ, ಕರ್ನಲ್ ಅಲ್ಲೇ ಇರುವಂತೆ ನೋಡಿಕೊಳ್ಳುವುದು. ಉಳಿದ ಲಿನಕ್ಸ್ ಎಷ್ಟು ದೂರದಲ್ಲಿದ್ದರೂ ನಡೆಯುತ್ತದೆ. ಈ ಕಾಟ ಲಿನಕ್ಸ್‌ನದು ಮಾತ್ರವೂ ಅಲ್ಲ, ವಿಂಡೋಸ್ ಎನ್‌ಟಿ 4.0 ಕೂಡ ಇದೇ ಗೆರೆಯೊಳಗಿಂದಲೇ ಏಳಬೇಕಿತ್ತು.

ಬಯೋಸ್‌ಗೆ 64 ಬಿಟ್ ವಿಳಾಸ ಓದುವ ಹೊಸ ವಿಧಾನ ಬಂದು, ಲಿಲೊ ಅದನ್ನು ಕಲಿತುಕೊಂಡು, ಅದರ ಜಾಗಕ್ಕೆ ಗ್ರಬ್ ಬಂದ ಮೇಲೆ ಈ ಗೆರೆ ಅಳಿಯಿತು. ಅಷ್ಟರಲ್ಲಿ ಡಿಸ್ಕಿನ ತಂತಿಯಲ್ಲೇ ಇನ್ನೊಂದು ಗೆರೆ ಎದುರಾಯಿತು. ಎಟಿಎ ನಿಯಮದ 28 ಬಿಟ್ ವಿಳಾಸಕ್ಕೆ ದಕ್ಕುತ್ತಿದ್ದದ್ದು 137 ಜಿಬಿ. ಅದನ್ನು 48 ಬಿಟ್‌ಗೆ ಏರಿಸಿದ ಮೇಲೆ, ವಿಂಡೋಸ್ ಎಕ್ಸ್‌ಪಿಗೆ ಅದರ ಬೆಂಬಲ 2002ರ ಸರ್ವೀಸ್ ಪ್ಯಾಕ್ 1ರಲ್ಲಿ ಸಿಕ್ಕಿತು. ಇಂದಿಗೂ ಹಳೆಯ ಡೆಸ್ಕ್‌ಟಾಪಿಗೆ ದೊಡ್ಡ ಡಿಸ್ಕ್ ಹಾಕಿ ಲಿನಕ್ಸ್ ಇಳಿಸಿದಾಗ, 'ಡಿಸ್ಕಿನ ಹೊರಗೆ ಓದಲು ಯತ್ನ' ಎಂಬರ್ಥದ ಸಂದೇಶ ತೋರಿಸಿ ಗ್ರಬ್ ನಿಂತುಬಿಡುವುದುಂಟು. ಕಾರಣ ಹಳೆಯದೇ, ಮದ್ದೂ ಹಳೆಯದೇ: ಡಿಸ್ಕಿನ ಆರಂಭದಲ್ಲೊಂದು '/ಬೂಟ್'.

ಫೈಲ್ ಓದಬಲ್ಲ ಫರ್ಮ್‌ವೇರ್

ಇಂಟೆಲ್ 1990ರ ದಶಕದ ಕೊನೆಯಲ್ಲಿ ಇಟೇನಿಯಂ ಸರ್ವರುಗಳಿಗಾಗಿ ಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ರೂಪಿಸಿತು. ಅದೇ ಮುಂದೆ ಯುಇಎಫ್‌ಐ ಆಗಿ ಎಲ್ಲ ಪಿಸಿಗಳಿಗೂ ಬಂತು. ಅದರ ಜೊತೆಗೇ ಬಂದ ಪಾರ್ಟಿಷನ್ ಪಟ್ಟಿಯ ಹೆಸರು ಜಿಪಿಟಿ. ಇದರಲ್ಲಿ ವಿಳಾಸಕ್ಕೆ 64 ಬಿಟ್, ಹಾಗಾಗಿ 2.2 ಟಿಬಿಯ ಗೋಡೆಯಿಲ್ಲ. ವಾಡಿಕೆಯಲ್ಲಿ 128 ಪಾರ್ಟಿಷನ್‌ಗಳಿಗೆ ಸಾಲುಗಳಿರುವುದರಿಂದ ಪ್ರೈಮರಿ, ಲಾಜಿಕಲ್ ಎಂಬ ಭೇದವೂ ಇಲ್ಲ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಎರಡಕ್ಕೂ ತಾಳೆ ನೋಡುವ ಮೊತ್ತವಿದ್ದು, ಒಂದು ಕೆಟ್ಟರೆ ಇನ್ನೊಂದರಿಂದ ಸರಿಪಡಿಸಬಹುದು. ಮೊದಲ ಸೆಕ್ಟರಿನಲ್ಲಿ ಮಾತ್ರ ಹಳೆಯ ಎಂಬಿಆರ್‌ನಂತೆಯೇ ಒಂದು ಪಟ್ಟಿ ಇರುತ್ತದೆ. ಅದರಲ್ಲಿ 'ಇಡೀ ಡಿಸ್ಕ್ ಬಳಕೆಯಲ್ಲಿದೆ' ಎಂಬ ಒಂದೇ ಸಾಲು. ಜಿಪಿಟಿ ಗೊತ್ತಿಲ್ಲದ ಹಳೆಯ ತಂತ್ರಾಂಶಗಳು ಡಿಸ್ಕ್ ಖಾಲಿಯಿದೆಯೆಂದು ತಿಳಿದು ಬರೆದುಬಿಡದಿರಲಿ ಎಂಬ ಎಚ್ಚರಿಕೆ ಅದು.

ಬೂಟ್ ವಿಚಾರದಲ್ಲಿ ದೊಡ್ಡ ಬದಲಾವಣೆಯೆಂದರೆ ಯುಇಎಫ್‌ಐಗೆ ಫೈಲ್ ಓದಲು ಬರುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಚಿಕ್ಕ ಫ್ಯಾಟ್ ಪಾರ್ಟಿಷನ್ ಇರುತ್ತದೆ, ಬಾಯಿಮಾತಿನಲ್ಲಿ ಇಎಸ್‌ಪಿ. ಅದರೊಳಗೆ ಮೈಕ್ರೋಸಾಫ್ಟ್ ಹೆಸರಿನ ಫೋಲ್ಡರಿನಲ್ಲಿ ವಿಂಡೋಸ್‌ನ ಲೋಡರ್, ಉಬುಂಟು ಎಂಬ ಲಿನಕ್ಸ್ ವಿತರಣೆಯ ಹೆಸರಿನದರಲ್ಲಿ ಗ್ರಬ್. ಯಾವುದನ್ನು ಮೊದಲು ಓಡಿಸಬೇಕೆಂಬ ಕ್ರಮ ಮದರ್‌ಬೋರ್ಡಿನ ನೆನಪಿನಲ್ಲಿ ದಾಖಲಾಗಿರುತ್ತದೆ. ಹಿಂದೆ 446 ಬೈಟ್‌ಗಳಿಗಾಗಿ ಎರಡು ಓಎಸ್‌ಗಳು ಕಿತ್ತಾಡಬೇಕಿತ್ತು. ಆಮೇಲೆ ಹಾಕಿದ್ದು ಮೊದಲಿನದನ್ನು ಅಳಿಸುತ್ತಿತ್ತು, 'ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ' ಎಂಬ ಬುದ್ಧಿಮಾತು ಹುಟ್ಟಿದ್ದೇ ಹಾಗೆ. ಈಗ ಇಬ್ಬರಿಗೂ ಪ್ರತ್ಯೇಕ ಫೋಲ್ಡರ್ ಇದೆ. ಆದರೂ ವಿಂಡೋಸನ್ನೇ ಮೊದಲು ಹಾಕುವುದು ಅನುಕೂಲ, ಏಕೆಂದರೆ ವಿಂಡೋಸ್ ಇರುವುದನ್ನು ಗಮನಿಸಿ ಮೆನುವಿಗೆ ಸೇರಿಸುವ ಸೌಜನ್ಯ ಲಿನಕ್ಸ್ ಇನ್‌ಸ್ಟಾಲರ್‌ಗಳಿಗಿದೆ, ವಿಂಡೋಸ್‌ಗೆ ಅಂಥ ರೂಢಿಯಿಲ್ಲ.

ಜೋಡಿ ತಪ್ಪಿದಾಗ

ಹೊಸ ಯಂತ್ರಗಳಲ್ಲಿ ಡ್ಯುಯಲ್ ಬೂಟ್ ಕೆಡುವುದು ಹೆಚ್ಚಾಗಿ ಫರ್ಮ್‌ವೇರ್‌ನ ಮೋಡಿಗೂ ಪಾರ್ಟಿಷನ್ ಪಟ್ಟಿಗೂ ಜೋಡಿ ತಪ್ಪಿದ್ದರಿಂದ. ವಿಂಡೋಸ್ ಇಲ್ಲಿ ಬಲು ನಿಷ್ಠುರ. ಯುಇಎಫ್‌ಐ ಮೋಡ್ ಆದರೆ ಡಿಸ್ಕಿಗೆ ಜಿಪಿಟಿ, ಹಳೆಯ ಬಯೋಸ್ ಮೋಡ್ ಆದರೆ ಎಂಬಿಆರ್. ಅದಲುಬದಲಾದರೆ ಆ ಡಿಸ್ಕಿಗೆ ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ. ಲಿನಕ್ಸ್ ಸ್ವಲ್ಪ ಸಡಿಲ. ಬಯೋಸ್ ಮೋಡಿನಲ್ಲಿ ಜಿಪಿಟಿ ಡಿಸ್ಕಿನಿಂದಲೂ ಎದ್ದೇಳುತ್ತದೆ, ಗ್ರಬ್‌ಗೆಂದು 1 ಎಂಬಿಯ 'ಬಯೋಸ್ ಬೂಟ್' ಪಾರ್ಟಿಷನ್ ಮಾಡಿಕೊಟ್ಟರೆ ಸಾಕು.

ವಿಂಡೋಸ್ ಯುಇಎಫ್‌ಐ ಮೋಡಿನಲ್ಲಿದ್ದು, ಲಿನಕ್ಸನ್ನು ಗೊತ್ತಿಲ್ಲದೆ ಬಯೋಸ್ ಮೋಡಿನಲ್ಲಿ ಹಾಕಿದಿರೆಂದುಕೊಳ್ಳಿ. ಎರಡೂ ಡಿಸ್ಕಿನಲ್ಲಿರುತ್ತವೆ, ಒಂದೇ ಮೆನುವಿನಲ್ಲಿ ಎರಡೂ ಬರುವುದಿಲ್ಲ. ಒಂದಕ್ಕೆ ಹೋಗಬೇಕಾದಾಗಲೆಲ್ಲ ಫರ್ಮ್‌ವೇರ್ ಸೆಟಪ್ಪಿನಲ್ಲಿ ಮೋಡ್ ಬದಲಿಸಬೇಕು. ಇದು ಆಗುವುದು ಪೆನ್‌ಡ್ರೈವಿನ ಹಂತದಲ್ಲಿ. ಎಷ್ಟೋ ಯಂತ್ರಗಳ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹಿಂದೆ 'ಯುಇಎಫ್‌ಐ' ಎಂದಿರುತ್ತದೆ. ಯಾವುದನ್ನು ಒತ್ತಿದಿರೋ ಅದೇ ಮೋಡಿನಲ್ಲಿ ಇನ್‌ಸ್ಟಾಲ್ ಆಗುತ್ತದೆ.

ಆದ್ದರಿಂದ ಮೊದಲು ಈಗಿರುವ ವಿಂಡೋಸ್ ಯಾವ ಮೋಡಿನದೆಂದು ತಿಳಿದುಕೊಳ್ಳಿ. 'ಸಿಸ್ಟಮ್ ಇನ್ಫರ್ಮೇಷನ್' ತೆರೆದರೆ 'ಬಯೋಸ್ ಮೋಡ್' ಎಂಬ ಸಾಲಿನ ಎದುರು 'ಲೆಗಸಿ' ಅಥವಾ 'ಯುಇಎಫ್‌ಐ' ಎಂದು ಬರೆದಿರುತ್ತದೆ. ಲಿನಕ್ಸ್ ಪೆನ್‌ಡ್ರೈವನ್ನೂ ಅದೇ ಮೋಡಿನಲ್ಲಿ ಬೂಟ್ ಮಾಡಿ. ಹಳೆಯ ಎಂಬಿಆರ್ ಡಿಸ್ಕನ್ನು ಮಾಹಿತಿ ಅಳಿಸದೆ ಜಿಪಿಟಿಗೆ ಬದಲಿಸುವ ಸಾಧನವೊಂದು 2017ರಿಂದ ವಿಂಡೋಸ್ 10ರಲ್ಲೇ ಇದೆ. ಬದಲಿಸಿದ ಮೇಲೆ ಫರ್ಮ್‌ವೇರನ್ನೂ ಯುಇಎಫ್‌ಐಗೆ ತಿರುಗಿಸಬೇಕು. ವಿಂಡೋಸ್ 11 ಹೇಗೂ ಯುಇಎಫ್‌ಐ ಕೇಳುವುದರಿಂದ, ಹೊಸದಾಗಿ ಹಾಕುವವರು ಈ ದಾರಿಯನ್ನೇ ಹಿಡಿಯುವುದು ಲೇಸು.

ಕೈ ಹಾಕುವ ಮುನ್ನ

ಬ್ಯಾಕಪ್ ಮಾಡಿಕೊಳ್ಳಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ ನಾಲ್ಕು ಕೆಲಸಗಳಿವೆ.

1. ಬಿಟ್‌ಲಾಕರ್ ಕೀ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ. ಬೂಟ್ ಕ್ರಮ ಬದಲಾದೊಡನೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

2. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ 'ಶಟ್ ಡೌನ್' ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಆಗ ಅದರ ಡ್ರೈವ್‌ಗಳಿಗೆ ಲಿನಕ್ಸ್‌ನಿಂದ ಬರೆಯುವುದು ಅಪಾಯ, ಲಿನಕ್ಸ್ ಸಾಮಾನ್ಯವಾಗಿ ಒಪ್ಪುವುದೂ ಇಲ್ಲ.

3. ಸಿ ಡ್ರೈವನ್ನು ವಿಂಡೋಸ್‌ನ ಒಳಗಿಂದಲೇ ಕುಗ್ಗಿಸಿ. 150 ಜಿಬಿ ಖಾಲಿ ಇದ್ದರೂ 40 ಜಿಬಿಯಷ್ಟೇ ಕುಗ್ಗಿಸಲು ಬಿಟ್ಟರೆ, ಸರಿಸಲಾಗದ ಫೈಲ್‌ಗಳು ನಡುವೆ ಕೂತಿವೆ ಎಂದರ್ಥ. ಹೈಬರ್ನೇಷನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್‌ಗಳನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಮತ್ತೆ ಪ್ರಯತ್ನಿಸಿ.

4. ಡಿಸ್ಕ್ ಕಂಟ್ರೋಲರ್. ಲಿನಕ್ಸ್ ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಫರ್ಮ್‌ವೇರ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಆನ್ ಇರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಬೇಕಾಗುತ್ತದೆ. ಏಕಾಏಕಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಅದಕ್ಕೆ ಮುಂಚೆ ವಿಂಡೋಸನ್ನು ಸೇಫ್ ಮೋಡಿನಲ್ಲಿ ಏಳುವಂತೆ ಸಜ್ಜುಗೊಳಿಸಿರಬೇಕು.

ಹಂಚುವುದು ಹೇಗೆ?

512 ಜಿಬಿ ಎಸ್‌ಎಸ್‌ಡಿಯನ್ನೇ ತೆಗೆದುಕೊಳ್ಳೋಣ. ವಿಂಡೋಸ್‌ನಲ್ಲಿ ಅದು 476 ಜಿಬಿ ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಈ ವ್ಯತ್ಯಾಸ. ವಿಂಡೋಸ್‌ಗೆ 200 ಜಿಬಿ, ಲಿನಕ್ಸ್‌ನ ಮೂಲ ಪಾರ್ಟಿಷನ್‌ಗೆ 60ರಿಂದ 80 ಜಿಬಿ, ಉಳಿದದ್ದರಲ್ಲಿ ಲಿನಕ್ಸ್‌ನ '/ಹೋಮ್' ಹಾಗೂ ಎರಡೂ ಕಡೆಯಿಂದ ತೆರೆಯಬಹುದಾದ ಒಂದು ಎನ್‌ಟಿಎಫ್‌ಎಸ್ ಡ್ರೈವ್ ಮಾಡಿಕೊಳ್ಳಬಹುದು. ಉಬುಂಟುವಿನಂಥವು ಈಗ ಸ್ವಾಪ್‌ಗೆ ಫೈಲನ್ನೇ ಬಳಸುವುದರಿಂದ ಅದಕ್ಕೆ ಬೇರೆ ಪಾರ್ಟಿಷನ್ ಕಡ್ಡಾಯವಲ್ಲ.

ಇಎಸ್‌ಪಿ ಈಗಾಗಲೇ ಇರುತ್ತದೆ. ಲಿನಕ್ಸ್ ಇನ್‌ಸ್ಟಾಲರಿನಲ್ಲಿ ಅದನ್ನೇ ತೋರಿಸಿ, ಹೊಸದು ಬೇಡ. ಅದರ ಮುಂದೆ 'ಫಾರ್ಮ್ಯಾಟ್' ಎಂಬಲ್ಲಿ ಟಿಕ್ ಬೀಳದಂತೆ ಎಚ್ಚರವಹಿಸಿ. ಟಿಕ್ ಬಿದ್ದರೆ ವಿಂಡೋಸ್‌ನ ಲೋಡರ್ ಅಳಿಸಿಹೋಗುತ್ತದೆ. ಸಿ ಡ್ರೈವಿನ ಮಾಹಿತಿ ಹಾಗೇ ಇದ್ದರೂ ವಿಂಡೋಸ್ ಏಳುವುದಿಲ್ಲ. ವಿಂಡೋಸ್ ಸೆಟಪ್ ಹಲವು ಸಲ ಇದಕ್ಕೆ 100 ಎಂಬಿಯಷ್ಟೇ ಕೊಟ್ಟಿರುತ್ತದೆ. ಗ್ರಬ್‌ಗೆ ಅಷ್ಟು ಸಾಕಾದರೂ, ಕರ್ನಲ್‌ಗಳನ್ನೂ ಅಲ್ಲೇ ಇಡುವ ಲಿನಕ್ಸ್ ವಿತರಣೆಗಳಿಗೆ ಸಾಲದು. ಖಾಲಿ ಡಿಸ್ಕಿನಿಂದ ಶುರು ಮಾಡುವವರು 500 ಎಂಬಿಯಿಂದ 1 ಜಿಬಿವರೆಗೆ ಮೊದಲೇ ಕೊಟ್ಟುಬಿಡುವುದು ಒಳ್ಳೆಯದು.

ಸಿ ಡ್ರೈವಿನ ಪಕ್ಕದಲ್ಲಿರುವ ರಿಕವರಿ ಪಾರ್ಟಿಷನ್ ಸಣ್ಣದೆಂದು ಅಳಿಸಬೇಡಿ. ವಿಂಡೋಸ್ ಕೆಟ್ಟಾಗ ರಿಪೇರಿ ಮಾಡುವ ಸಾಧನಗಳು ಅಲ್ಲಿರುತ್ತವೆ. ಅದು ಚಿಕ್ಕದಾದರೂ ತೊಂದರೆಯೇ. 2024ರ ಜನವರಿಯಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದಕ್ಕೆ ಅಲ್ಲಿ 250 ಎಂಬಿ ಖಾಲಿ ಬೇಕಿತ್ತು, ಇಲ್ಲದ ಯಂತ್ರಗಳಲ್ಲಿ ಅದು ವಿಫಲವಾಯಿತು.

ಮೆನು ಮಾಯವಾದರೆ

ಎಲ್ಲ ಸರಿಯಾಗಿದ್ದು, ಒಂದು ದಿನ ಯಂತ್ರ ನೇರವಾಗಿ ವಿಂಡೋಸ್‌ಗೆ ಹೋದರೆ ಲಿನಕ್ಸ್ ಅಳಿಸಿಹೋಯಿತೆಂದು ಹೆದರಬೇಡಿ. ಬಹುಮಟ್ಟಿಗೆ ಬೂಟ್ ಕ್ರಮವಷ್ಟೇ ಬದಲಾಗಿರುತ್ತದೆ. ಫರ್ಮ್‌ವೇರ್ ಸೆಟಪ್ಪಿಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಆದದ್ದು ಬೇರೆ ಬಗೆ. ಹಳೆಯ ಬೂಟ್ ಲೋಡರ್‌ಗಳನ್ನು ತಡೆಯಲು ವಿಂಡೋಸ್ ಅಪ್‌ಡೇಟ್ ಒಂದು ಸೆಕ್ಯೂರ್ ಬೂಟ್ (ನಂಬಿಕೆಯ ಲೋಡರನ್ನಷ್ಟೇ ಓಡಲು ಬಿಡುವ ಫರ್ಮ್‌ವೇರ್ ಕಾವಲು) ನಿಯಮ ಬಿಗಿ ಮಾಡಿದಾಗ, ಡ್ಯುಯಲ್ ಬೂಟ್ ಯಂತ್ರಗಳಲ್ಲಿದ್ದ ಹಲವು ಲಿನಕ್ಸ್‌ಗಳೂ ತಡೆಗೆ ಸಿಕ್ಕಿಕೊಂಡವು. ಅಂಥ ಹೊತ್ತಿನಲ್ಲಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸನ್ನು ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಬೇಕು.

ಗಡಿಯಾರದ ಗೊಂದಲವೂ ಒಂದಿದೆ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಎನ್ನುತ್ತದೆ. ಹಾಗಾಗಿ ಲಿನಕ್ಸ್‌ನಿಂದ ಬಂದಾಗ ನಮ್ಮ ದೇಶದಲ್ಲಿ ವಿಂಡೋಸ್ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತದೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸ್‌ಗೆ ಹೇಳಿದರೆ ಸರಿಹೋಗುತ್ತದೆ.

ಲಿನಕ್ಸ್ ಬೇಡವೆನಿಸಿದಾಗ ನೇರವಾಗಿ ಅದರ ಪಾರ್ಟಿಷನ್ ಅಳಿಸಬೇಡಿ. ಗ್ರಬ್‌ನ ಉಳಿದ ಭಾಗ ಅಲ್ಲೇ ಇರುವುದರಿಂದ, ಮುಂದಿನ ಸಲ ಬರೀ ಕಪ್ಪು ಪರದೆಯಲ್ಲಿ 'ಗ್ರಬ್' ಎಂಬ ಪದ ಮಿಣುಕುತ್ತಿರುತ್ತದೆ. ಮೊದಲು ಫರ್ಮ್‌ವೇರಿನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೇಲಕ್ಕೆ ತನ್ನಿ, ವಿಂಡೋಸ್ ನೇರವಾಗಿ ಏಳುತ್ತದೆಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಅಳಿಸಿ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಎಸ್‌ಎಸ್‌ಡಿ ಕೂರಿಸಲು ಜಾಗವಿದ್ದರೆ ಓಎಸ್‌ಗೊಂದು ಡಿಸ್ಕ್ ಕೊಡುವುದು ಎಲ್ಲಕ್ಕಿಂತ ನಿರಾಳ. ಪಟ್ಟಿ ಬೇರೆ, ಇಎಸ್‌ಪಿ ಬೇರೆ, ಒಂದರ ಅಪ್‌ಡೇಟ್ ಇನ್ನೊಂದರ ಡಿಸ್ಕಿನ ತಂಟೆಗೆ ಬರುವುದು ಕಡಿಮೆ. ಲಿನಕ್ಸ್ ವಾರಕ್ಕೊಂದೆರಡು ಗಂಟೆ ಮಾತ್ರ ಬೇಕೆಂದಾದರೆ, ಸಾಕಷ್ಟು ರ್‍ಯಾಮ್ ಇದ್ದಲ್ಲಿ ವರ್ಚುವಲ್ ಮಷೀನ್‌ನಲ್ಲೇ ನಡೆಸಿ, ಡಿಸ್ಕ್ ಮುಟ್ಟುವ ಪ್ರಮೇಯವೇ ಇಲ್ಲ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಹಾಕಲೇಬೇಕಾದವರು ಮೊದಲು ಫರ್ಮ್‌ವೇರ್ ಯಾವ ಮೋಡಿನಲ್ಲಿದೆ, ಪಟ್ಟಿ ಯಾವ ಬಗೆಯದು, ಬೂಟ್ ಫೈಲ್‌ಗಳು ಎಲ್ಲಿರಬೇಕು ಎಂಬ ಮೂರನ್ನು ಗೊತ್ತುಮಾಡಿಕೊಳ್ಳಲಿ. ಯಾರಿಗೆ ಎಷ್ಟು ಜಿಬಿ ಎಂಬ ಲೆಕ್ಕವನ್ನು ನಾಳೆ ಬದಲಿಸಬಹುದು. ಈ ಮೂರನ್ನು ಆಮೇಲೆ ಬದಲಿಸಹೊರಟರೆ ಬಹಳ ಸಲ ಎಲ್ಲವನ್ನೂ ಮೊದಲಿಂದ ಹಾಕಬೇಕಾಗುತ್ತದೆ.